ಸಂಚಾರಿ ಗವಾಯಿಯ ಕಡೆಯ ದಿನ

ಮದರಾಸಿನ ಎಳುಂಬೂರಿನಿಂದ ದಕ್ಷಿಣ ದಿಕ್ಕಿಗೆ ಹೊರಡುವ ರೇಲ್ವೆ ದಾರಿಯಲ್ಲಿ ಚೆಂಗಲ್ಪಟ್ಟಿಗಿಂತ ಮೊದಲು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣದೊಂದು ನಿಲ್ದಾಣ ಬರುತ್ತದೆ. ಮದರಾಸಿನಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರು. ಬಂಡೆಯನ್ನು ಕೊರೆದು ಮಾಡಿದ ನರಸಿಂಹದೇವರ ಗುಡಿಯೊಂದು ಅಲ್ಲಿರುವುದರಿಂದ ಊರಿಗೆ ಆ ಹೆಸರು ಬಂದಿದೆ. ಈ ನಿಲ್ದಾಣದ ಕಟ್ಟೆಯ ಮೇಲೆ 1937ನೆಯ ಇಸವಿಯ ಅಕ್ಟೋಬರ್ 27ರಂದು, ಬುಧವಾರ, ಹಿಂದುಸ್ತಾನಿ ಸಂಗೀತದ ಬಹು ದೊಡ್ಡ ಗಾಯಕರೊಬ್ಬರು ಹಾಸಿಗೆ ಹಾಸಿಸಿಕೊಂಡು ಕುಳಿತು, ದೇವರ ಹೆಸರನ್ನು ಹಾಡಿ, ಹಾಗೆಯೇ ಮಲಗಿ ಪ್ರಾಣ ಬಿಟ್ಟರು. ಅವರೇ ಉಸ್ತಾದ್ ಅಬ್ದುಲ್ ಕರೀಮ್ ಖಾನ್. ಹುಟ್ಟಿದ್ದು ಉತ್ತರದ ಕೈರಾನಾದಲ್ಲಿ. ಮನೆ ಮಾಡಿದ್ದು ಮಿರಜದಲ್ಲಿ. ಕಡೆಯುಸಿರು ಎಳೆದದ್ದು ತಮಿಳು ನಾಡಿನ ಈ ಸಣ್ಣ ನಿಲ್ದಾಣದಲ್ಲಿ. ನಡುವೆ ಅವರು ಸುತ್ತಿದ ದಾರಿ ಎಷ್ಟೆಂಬುದನ್ನು ಅಳೆದವರಿಲ್ಲ.

ಸಂಗೀತಶಾಸ್ತ್ರವನ್ನು ಬಲ್ಲವನೆಂದು ನಾನು ಈ ಲೇಖನ ಬರೆಯಲು ಕುಳಿತಿಲ್ಲ. ನನ್ನ ತಂದೆ ರೇಲ್ವೆ ನಿಲ್ದಾಣದಲ್ಲಿ ಹಮಾಲಿ ಮಾಡಿದವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆ ಒಮ್ಮೆ ಯಾರೋ ಗವಾಯಿಗಳ ತಂಬೂರಿಯನ್ನು ಗಾಡಿಯಿಂದ ಇಳಿಸಿದ್ದರಂತೆ. ಬುರುಡೆಗೆ ಪೆಟ್ಟು ತಗಲೀತೆಂದು ಆ ಗವಾಯಿಗಳು, ಹಸುಗೂಸನ್ನು ಎತ್ತಿಕೊಂಡಂತೆ ಎತ್ತಿಕೋ ಎಂದು ಮತ್ತೆ ಮತ್ತೆ ಹೇಳುತ್ತ ಪಕ್ಕದಲ್ಲಿಯೇ ನಡೆದು ಬಂದರಂತೆ. ತಮ್ಮ ಟ್ರಂಕಿನ ಕಡೆಗೆ ಅವರು ತಿರುಗಿ ಕೂಡ ನೋಡಲಿಲ್ಲವಂತೆ. ಚಿಕ್ಕಂದಿನಲ್ಲಿ ಕೇಳಿದ ಈ ಮಾತು ನನ್ನ ಮನಸ್ಸಿನಲ್ಲಿ ಉಳಿದುಕೊಂಡಿತ್ತು. ಮುಂದೆ ಕಾಲೇಜಿಗೆ ಬಂದು, ಖಾನಸಾಹೇಬರ ಅಂತ್ಯಕಾಲದ ಸಂಗತಿಯನ್ನು ಓದಿದಾಗ, ಊರಿಂದೂರಿಗೆ ತಂಬೂರಿ ಹೊತ್ತು ತಿರುಗುವ ಆ ಬಾಳು ಎಂಥದೆಂದು ತಿಳಿಯಬೇಕೆಂಬ ಆಸೆ ಹುಟ್ಟಿತು. ತಿಳಿದದ್ದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಅಬ್ದುಲ್ ಕರೀಮರು ಹುಟ್ಟಿದ್ದು 1872ರ ನವೆಂಬರ್ 11ರಂದು. ಕೈರಾನಾ ಎಂಬುದು ಯಮುನಾ ನದಿಯ ಸಮೀಪದ ಊರು. ಕಿರಾಣಾ ಘರಾಣೆ ಎಂದು ನಾವು ಕರೆಯುವ ಗಾಯನ ಪರಂಪರೆಗೆ ಹೆಸರು ಬಂದದ್ದು ಈ ಊರಿನಿಂದಲೇ. ತಂದೆ ಕಾಲೇ ಖಾನ್, ಚಿಕ್ಕಪ್ಪ ಅಬ್ದುಲ್ಲಾ ಖಾನ್ ಇಬ್ಬರೂ ಸಂಗೀತಗಾರರು. ಹಾಡುವುದರ ಜೊತೆಗೆ ಸಾರಂಗಿ, ಬೀನ್ ಮೊದಲಾದ ವಾದ್ಯಗಳ ಪರಿಚಯವೂ ಆ ಮನೆತನದಲ್ಲಿತ್ತು. ಹುಡುಗ ಮಾತು ಕಲಿಯುವ ವಯಸ್ಸಿನಲ್ಲಿಯೇ ಸ್ವರ ಕಲಿತ. ತಮ್ಮ ಅಬ್ದುಲ್ ಹಕ್‌ನೊಡನೆ ಜೋಡಿಯಾಗಿ ಹಾಡುತ್ತ, ಊರೂರು ತಿರುಗುತ್ತ, ಯೌವನದಲ್ಲಿಯೇ ಬಡೋದೆಯ ಸಂಸ್ಥಾನವನ್ನು ಸೇರಿದ. ಅಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯ ದೊರೆಯಿತು.

ಆಸ್ಥಾನ ವಿದ್ವಾಂಸನಾಗಿ ಅಲ್ಲಿಯೇ ನೆಲೆಸಿದ್ದರೆ ಅವರು ಮುಂದೆ ಇಷ್ಟು ದಾರಿ ತುಳಿಯಬೇಕಾಗುತ್ತಿರಲಿಲ್ಲ. ಆದರೆ ಬಡೋದೆಯಲ್ಲಿ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿಗೆ ಅವರು ಸಂಗೀತ ಕಲಿಸಿದರು. ಇಬ್ಬರಿಗೂ ಪರಸ್ಪರ ಪ್ರೀತಿಯುಂಟಾಯಿತು. ಆಕೆ ರಾಜಮನೆತನಕ್ಕೆ ಹತ್ತಿರದ ಮರಾಠಾ ಕುಲದವಳು. ಈತ ಸಂಬಳಕ್ಕೆ ಹಾಡುವ ಮುಸಲ್ಮಾನ ಗವಾಯಿ. ಹತ್ತೊಂಬತ್ತನೆಯ ಶತಮಾನದ ಕಡೆಯ ವರ್ಷಗಳಲ್ಲಿ ಇಂತಹ ಮದುವೆಗೆ ಯಾರು ಒಪ್ಪಿಯಾರು? ಇಬ್ಬರೂ ಬಡೋದೆಯನ್ನು ಬಿಟ್ಟು ಹೊರಟರು. ಮೊದಲು ಮುಂಬಯಿ, ಅನಂತರ ಮಿರಜ. ಆಸ್ಥಾನದ ಸಂಬಳ ತಪ್ಪಿತು. ಇನ್ನು ಮುಂದೆ ಹಾಡಿದರೆ ಊಟ, ತಿರುಗಿದರೆ ಹಾಡು. ಅವರು ಸಂಚಾರಿಯಾದದ್ದು ಹೀಗೆ.

ಮಿರಜವನ್ನು ಅವರು ಆರಿಸಿಕೊಂಡದ್ದು ಬಹಳ ಪ್ರಯೋಜನಕ್ಕೆ ಬಂದಿತು. ಆ ಊರು ತಂಬೂರಿ, ಸಿತಾರುಗಳನ್ನು ಮಾಡುವ ಕುಶಲ ಕೆಲಸಗಾರರಿಗೆ ಪ್ರಸಿದ್ಧ. ಅಲ್ಲದೆ ಅದು ರೇಲ್ವೆಯ ಕೂಡುದಾಣ. ಪುಣೆಯಿಂದ ಹೊರಟ ಮೀಟರ್ ಗೇಜ್ ಹಳಿ ಮಿರಜ, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ, ಕುಂದಗೋಳ, ಹಾವೇರಿ, ಹರಿಹರಗಳನ್ನು ಹಾದು ಬೆಂಗಳೂರಿಗೆ ಬರುತ್ತಿತ್ತು. ಅಲ್ಲಿಂದ ಮೈಸೂರಿಗೆ ಗಾಡಿ. ಈ ಊರುಗಳ ಹೆಸರನ್ನು ಒಮ್ಮೆ ಸಾವಕಾಶವಾಗಿ ಓದಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಕನ್ನಡ ನಾಡಿನಲ್ಲಿ ಹಿಂದುಸ್ತಾನಿ ಸಂಗೀತ ಬೇರೂರಿದ ಊರುಗಳಲ್ಲಿ ಹೆಚ್ಚಿನವು ಈ ಹಳಿಯ ಮೇಲೆ ಅಥವಾ ಅದರ ಅಕ್ಕಪಕ್ಕದಲ್ಲಿ ಇವೆ. ಮೈಸೂರಿನ ಅರಮನೆ ದಸರೆಗೆ ಉತ್ತರದ ಗವಾಯಿಗಳನ್ನು ಕರೆಸುತ್ತಿತ್ತು. ಹೋಗುವಾಗ, ಬರುವಾಗ ಅವರು ಧಾರವಾಡ, ಹುಬ್ಬಳ್ಳಿಗಳಲ್ಲಿ ಇಳಿಯುತ್ತಿದ್ದರು. ರಸಿಕರ ಮನೆಯಲ್ಲಿ ಊಟ, ರಾತ್ರಿ ಬೈಠಕ್, ಮರುದಿನ ಮುಂದಿನ ಗಾಡಿ. ರಾಜರ ಔದಾರ್ಯಕ್ಕೆ ನಾವು ಕೃತಜ್ಞರಾಗಿರಬೇಕು, ನಿಜ. ಆದರೆ ಹಳಿಗೂ ಗಾಡಿಗೂ ಒಂದು ನಮಸ್ಕಾರ ಸಲ್ಲಬೇಕೆಂದು ಹಮಾಲನ ಮಗನಾದ ನನಗೆ ಅನಿಸುತ್ತದೆ.

ಸಂಚಾರಿ ಗವಾಯಿಯ ಒಂದು ದಿನ ಹೇಗಿರುತ್ತಿತ್ತು? ಪ್ರಯಾಣಕ್ಕೆ ಮುನ್ನ ತಂಬೂರಿಯ ತಂತಿಗಳನ್ನು ಸಡಿಲಿಸಬೇಕು. ಬಿಗಿದೇ ಇಟ್ಟರೆ ಗಾಡಿಯ ಅಲುಗಾಟಕ್ಕೆ, ಬಿಸಿಲಿನ ಕಾವಿಗೆ ತಂತಿ ಕಡಿಯುತ್ತದೆ, ಇಲ್ಲವೆ ದಂಡಿ ಬಾಗುತ್ತದೆ. ಗವಸು ಹಾಕಿ, ಎರಡು ಸೀಟಿನ ನಡುವೆ ನಿಲ್ಲಿಸಿ, ಶಿಷ್ಯನೊಬ್ಬ ಕೈಯಿಂದ ಹಿಡಿದುಕೊಂಡೇ ಕೂರಬೇಕು. ಊರು ತಲಪಿದ ಮೇಲೆ ಮೊದಲ ಕೆಲಸ ತಂಬೂರಿಯದೇ. ನಾಲ್ಕು ತಂತಿಗಳು, ಮೊದಲನೆಯದು ಪಂಚಮ, ನಡುವಣ ಎರಡು ಷಡ್ಜ, ಕಡೆಯದು ಖರ್ಜ. ಕುದುರೆಯ ಮೇಲೆ ತಂತಿಯ ಕೆಳಗೆ ಸಣ್ಣ ನೂಲಿನ ಎಳೆಯನ್ನು ಕೂಡಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ಜವಾರಿ ಹೊಂದಿಸಬೇಕು. ಅದು ಹೊಂದಿದಾಗ ತಂತಿ ಮೀಟಿದರೆ ನಾದ ಒಡನೆ ಅಡಗುವುದಿಲ್ಲ, ಝೇಂಕರಿಸುತ್ತ ಹಬ್ಬುತ್ತದೆ. ಬಯಲುಸೀಮೆಯ ಒಣ ಹವೆಯಲ್ಲಿ ಹೊಂದಿಸಿದ ತಂಬೂರಿ ಕರಾವಳಿಯ ತೇವದಲ್ಲಿ ಹೊಂದುವುದಿಲ್ಲ. ಪ್ರತಿಯೊಂದು ಊರಿನಲ್ಲಿಯೂ ಕೆಲಸ ಮತ್ತೆ ಮೊದಲಿನಿಂದ. ಆಮೇಲೆ ರಿಯಾಜು, ಬಂದವರೊಡನೆ ಮಾತು, ಶಿಷ್ಯರಿಗೆ ಪಾಠ. ಸಂಜೆಯಿಂದ ಮಧ್ಯರಾತ್ರಿಯವರೆಗೆ ಹಾಡು. ಅಪರಿಚಿತ ಊಟ, ಅಪರಿಚಿತ ನೀರು, ನಿದ್ದೆಗೆಟ್ಟ ರಾತ್ರಿ. ಗಂಟಲೊಂದು ಕೆಟ್ಟರೆ ಹಿಂದೆ ಇರುವ ಹತ್ತು ಹೊಟ್ಟೆಗಳಿಗೆ ಅಂದಿನ ಅನ್ನವಿಲ್ಲ.

ತಂಬೂರಿಯ ವಿಷಯದಲ್ಲಿ ಖಾನಸಾಹೇಬರು ತುಂಬ ನಿಷ್ಠುರರು. ವಾದ್ಯಗಳನ್ನು ಸ್ವತಃ ಬಿಚ್ಚಿ ರಿಪೇರಿ ಮಾಡಬಲ್ಲವರಾಗಿದ್ದರು. ಶ್ರುತಿ ಸರಿಯಾಗಿ ಕೂಡುವವರೆಗೆ ಬಾಯಿ ತೆರೆಯುತ್ತಿರಲಿಲ್ಲ; ಸಭೆ ಕಾಯಬೇಕು. ಅವರ ಗಾಯನದ ಗುಟ್ಟೇ ಅದು. ಅವರದು ಗುಡುಗುವ ಧ್ವನಿಯಲ್ಲ. ತೆಳುವಾದ, ಮೇಲಿನ ಶ್ರುತಿಯ, ಕೊಂಚ ಅನುನಾಸಿಕವೆನಿಸುವ ಇಂಪಾದ ಧ್ವನಿ. ತಂಬೂರಿಯ ನಾದದೊಳಗೆ ಆ ಧ್ವನಿ ಎಲ್ಲಿ ಸೇರಿತು, ಎಲ್ಲಿ ಹೊರಬಂದಿತು ಎಂದು ಹೇಳಲಾಗುತ್ತಿರಲಿಲ್ಲ. ರಾಗವನ್ನು ಒಂದೊಂದೇ ಸ್ವರವಾಗಿ, ಅವಸರವಿಲ್ಲದೆ, ಬೀಜ ಮೊಳೆತು ಗಿಡವಾಗುವಂತೆ ಬೆಳೆಸುವುದು ಅವರ ರೀತಿ. ತಾಳದ ಲೆಕ್ಕಾಚಾರ, ತಾನಗಳ ಆರ್ಭಟ ಇವುಗಳಿಗಿಂತ ಸ್ವರದ ಸತ್ಯ ಅವರಿಗೆ ಹೆಚ್ಚಿನದಾಗಿತ್ತು. ಆದ್ದರಿಂದಲೇ 22 ಶ್ರುತಿಗಳ ವಿಚಾರವಾಗಿ ಸಂಶೋಧನೆ ಮಾಡುತ್ತಿದ್ದ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಆಂಗ್ಲ ನ್ಯಾಯಾಧೀಶ ಕ್ಲೆಮೆಂಟ್ಸ್ ಇವರು ತಮ್ಮ ಪ್ರಯೋಗಗಳಿಗೆ ಖಾನಸಾಹೇಬರ ಕಂಠದ ನೆರವು ಪಡೆದರು. ಸಾಕಿದ ನಾಯಿಯೊಂದಕ್ಕೂ ಸ್ವರ ಕೂಡಿಸಲು ಅವರು ಕಲಿಸಿದ್ದರೆಂಬ ಕಥೆಯನ್ನು ಸಂಗೀತಗಾರರು ಇಂದಿಗೂ ನಗುತ್ತ ಹೇಳುತ್ತಾರೆ.

ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯಬೇಕಾದ ಒಂದು ಗುಣ ಅವರಲ್ಲಿತ್ತು. ಉತ್ತರದ ಉಸ್ತಾದರು ದಕ್ಷಿಣದ ಸಂಗೀತವನ್ನು ಕಿವಿಗೊಟ್ಟು ಕೇಳುವುದೇ ಅಪರೂಪವಾಗಿದ್ದ ಕಾಲದಲ್ಲಿ ಇವರು ಅದನ್ನು ಗೌರವದಿಂದ ಕೇಳಿದರು, ಕಲಿತರು. ದಕ್ಷಿಣದ ಸರಿಗಮದ ಪದ್ಧತಿಯನ್ನು ತಮ್ಮ ಖ್ಯಾಲಿನೊಳಗೆ ತಂದರು. ತ್ಯಾಗರಾಜರ ಕೃತಿಯನ್ನು ಹಾಡಿ ಗ್ರಾಮಫೋನು ತಟ್ಟೆಗೂ ಕೊಟ್ಟರು. ಧಾರವಾಡದಲ್ಲಿ ಅಂಬಾಬಾಯಿಯವರ ಕರ್ನಾಟಕ ಸಂಗೀತವನ್ನು ಕೇಳಿ ಅವರು ಮೆಚ್ಚಿ ತಲೆದೂಗುತ್ತಿದ್ದರು. ತಾವು ತಂಜಾವೂರಿನಲ್ಲಿಯೇ ಕುಳಿತಂತಾಯಿತೆಂದು ಕೊಂಡಾಡಿದ್ದರೆಂದು ಆ ತಾಯಿಯ ಮಗಳು ಗಂಗೂಬಾಯಿ ಹಾನಗಲ್ಲರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಬಾಲಕಿ ಗಂಗೂ ಅವರ ಮುಂದೆ ಹಾಡಿದ್ದೂ ಉಂಟು. ಮೈಸೂರಿನ ಅರಮನೆ ಅವರಿಗೆ ಸಂಗೀತರತ್ನ ಎಂಬ ಬಿರುದನ್ನಿತ್ತು ಗೌರವಿಸಿತು.

ಧಾರವಾಡದ ಸೀಮೆಯಲ್ಲಿ ಅವರು ಬಿತ್ತಿದ ಮುಖ್ಯ ಬೀಜವೆಂದರೆ ಕುಂದಗೋಳದ ರಾಮಭಾವು. 1886ರಲ್ಲಿ ಜನಿಸಿದ ಈ ಹುಡುಗ ಖಾನಸಾಹೇಬರ ಹಾಡಿಗೆ ಮರುಳಾಗಿ ಅವರ ಬೆನ್ನು ಹತ್ತಿದ. ಕಲಿಯುವುದಾದರೆ ಎಂಟು ವರ್ಷ ಬಿಡದೆ ಕಲಿಯಬೇಕು, ನಡುವೆ ಬಿಟ್ಟು ಹೋಗಕೂಡದು ಎಂಬುದು ಗುರುವಿನ ಕಟ್ಟಳೆ. ರಾಮಭಾವು ಅದಕ್ಕೆ ಒಪ್ಪಿದರು. ಗುರು ಹೋದಲ್ಲಿ ಶಿಷ್ಯ. ಗುರು ನೆಲೆಸಿದಲ್ಲಿ ಶಿಷ್ಯ. ಅವರೇ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. ಕುಂದಗೋಳದ ನಾಡಿಗೇರ ವಾಡೆಯ ಹೆಸರು ಸಂಗೀತಲೋಕದಲ್ಲಿ ಪ್ರಸಿದ್ಧವಾದದ್ದು ಈ ಗುರುಶಿಷ್ಯರಿಂದ.

1913ರಲ್ಲಿ ಖಾನಸಾಹೇಬರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದರು. ಮುಸಲ್ಮಾನ ಗವಾಯಿಯ ಶಾಲೆಗೆ ಈ ಹೆಸರು. ಕಲಿಯಲು ಬಂದವರಲ್ಲಿ ಎಲ್ಲ ಜಾತಿಯ ಬಡ ಹುಡುಗರು. ಹಣವಿಲ್ಲದ ಮಕ್ಕಳಿಗೆ ಊಟ, ವಸತಿ, ವಿದ್ಯೆ ಎಲ್ಲವೂ ಶಾಲೆಯದೇ. ಇದಕ್ಕೆಲ್ಲ ಖರ್ಚು ಎಲ್ಲಿಂದ ಬರಬೇಕು? ಮತ್ತೆ ಪ್ರವಾಸದಿಂದಲೇ. ಗುರು ಊರೂರು ತಿರುಗಿ ಹಾಡಿದರೆ ಶಾಲೆಯಲ್ಲಿ ಒಲೆ ಉರಿಯಬೇಕು. ಸರಕಾರಿ ವಿದ್ಯಾರ್ಥಿನಿಲಯದ ಅನ್ನ ಉಂಡು, ವಿದ್ಯಾರ್ಥಿವೇತನದಿಂದ ಪುಸ್ತಕ ಕೊಂಡು ಓದುತ್ತಿರುವ ನನ್ನಂಥವನಿಗೆ ಈ ಸಂಗತಿ ಬರಿಯ ಇತಿಹಾಸವಾಗಿ ಕಾಣುವುದಿಲ್ಲ. ಉಣ್ಣುವ ಹುಡುಗನಿಗೆ ಆ ಅನ್ನದ ಹಿಂದೆ ಯಾರು ಎಲ್ಲಿ ದುಡಿಯುತ್ತಿದ್ದಾರೆಂಬುದು ಬಹಳ ಸಾರಿ ಕಾಣುವುದೇ ಇಲ್ಲ.

ಆದರೆ ಈ ಅಲೆದಾಟಕ್ಕೆ ತೆರಬೇಕಾದ ಬೆಲೆಯೂ ಇತ್ತು. ತಾರಾಬಾಯಿಗೂ ಅವರಿಗೂ ಐವರು ಮಕ್ಕಳು. ಶಾಲೆ ತೆರೆದು ಕೆಲವು ವರ್ಷಗಳಾಗುವಷ್ಟರಲ್ಲಿ ಗಂಡಹೆಂಡಿರ ನಡುವೆ ವಿರಸ ಬೆಳೆಯಿತು. ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ತನಗಾಗಿ ತವರು, ಕುಲ, ಅಂತಸ್ತು ಎಲ್ಲವನ್ನೂ ತೊರೆದು ಬಂದವಳು ಮನೆ ಬಿಟ್ಟು ಹೋದಳು. ಇದರಲ್ಲಿ ತಪ್ಪು ಯಾರದೆಂದು ತೀರ್ಪು ಕೊಡಲು ನಾವು ಯಾರು? ಆದರೆ ಸದಾ ದಾರಿಯಲ್ಲಿಯೇ ಇರುವ ಗಂಡ, ಮನೆ ತುಂಬ ಶಿಷ್ಯರು, ಕೈಯಲ್ಲಿ ನಿಲ್ಲದ ದುಡ್ಡು, ಇವುಗಳ ನಡುವೆ ಐದು ಮಕ್ಕಳನ್ನು ಸಾಕುವ ತಾಯಿಯ ಪಾಡನ್ನು ಮರೆತು ಗಾಯಕನನ್ನು ಮಾತ್ರ ಹೊಗಳಿದರೆ ಅದು ನ್ಯಾಯವಾಗಲಾರದು. ತಾರಾಬಾಯಿ ಒಬ್ಬರೇ ನಿಂತು ಮಕ್ಕಳನ್ನು ಬೆಳೆಸಿದರು. ಮಕ್ಕಳು ತಂದೆಯ ಹೆಸರನ್ನು ಬಿಟ್ಟು ಬೇರೆ ಹೆಸರುಗಳಿಂದ ಲೋಕಪ್ರಸಿದ್ಧರಾದರು: ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ, ಸರಸ್ವತಿ ರಾಣೆ. ಹೀರಾಬಾಯಿಯವರು ಮುಖ್ಯವಾಗಿ ಕಲಿತದ್ದು ತಂದೆಯ ಬಳಿಯಲ್ಲ, ಅದೇ ಘರಾಣೆಯ ಅಬ್ದುಲ್ ವಹೀದ್ ಖಾನರ ಬಳಿ. ಊರ ಮಕ್ಕಳಿಗೆಲ್ಲ ಪಾಠ ಹೇಳಿದ ತಂದೆಗೆ ಸ್ವಂತ ಮಗಳಿಗೆ ಹೇಳುವ ಭಾಗ್ಯ ಪೂರ್ತಿಯಾಗಿ ದಕ್ಕಲಿಲ್ಲ.

ಖಾನಸಾಹೇಬರು ಮಿರಜದಲ್ಲಿಯೇ ನೆಲೆ ನಿಂತರು. ಅವರ ಜೀವನದಲ್ಲಿ ಮುಂದೆ ಬಾನುಬಾಯಿ ಲಾಟಕರ್ ಬಂದರು. ಅಲ್ಲಿಯ ಮೀರಾಸಾಹೇಬ ದರ್ಗಾದಲ್ಲಿ ಅವರಿಗೆ ಅಪಾರ ಭಕ್ತಿ. ದೂರದ ಪ್ರವಾಸ ಮುಗಿಸಿ ಬಂದು ಅಲ್ಲಿ ಕುಳಿತು ಹಾಡುವುದರಲ್ಲಿ ಅವರಿಗೆ ನೆಮ್ಮದಿಯಿತ್ತು. ಅವರ ಎಳೆಯ ಶಿಷ್ಯೆಯರಲ್ಲಿ ಒಬ್ಬರಾದ ರೋಶನ್ ಆರಾ ಬೇಗಂ ಮುಂದೆ ದೇಶವಿಭಾಗದ ಅನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯೂ ಈ ಗಾಯನವನ್ನು ಉಳಿಸಿದರು. 1930ರ ದಶಕದಲ್ಲಿ ಖಾನಸಾಹೇಬರು ಕೊಟ್ಟ ಗ್ರಾಮಫೋನು ತಟ್ಟೆಗಳು ಮನೆಮನೆಯನ್ನು ಮುಟ್ಟಿದವು. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಮೂರು ನಿಮಿಷಗಳಲ್ಲಿ ಹಿಡಿದಿಡಬೇಕು. ಬಿಂದಿಗೆಯ ನೀರನ್ನು ಬೊಗಸೆಯಲ್ಲಿ ಕೊಟ್ಟಂತೆ ಅದು. ಆದರೂ ಬಾಯಾರಿದವರಿಗೆ ಆ ಬೊಗಸೆಯೇ ಸಾಕಾಯಿತು. ಝಿಂಝೋಟಿ ರಾಗದ ಅವರ ಠುಮರಿಯನ್ನು ಇಂದು ಕೇಳಿದರೂ, ಅರ್ಥ ತಿಳಿಯದವರಿಗೂ ಎದೆ ತುಂಬಿ ಬರುತ್ತದೆ. ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಗೆಳೆಯನ ಮೊಬೈಲಿನಲ್ಲಿ ಅದನ್ನು ಮೊದಲ ಬಾರಿ ಕೇಳಿದಾಗ ನಾವು ನಾಲ್ಕು ಜನ ಪರೀಕ್ಷೆಯ ಓದನ್ನು ಬಿಟ್ಟು ಸುಮ್ಮನೆ ಕುಳಿತುಬಿಟ್ಟೆವು. ಹಿಂದಿನ ಗೊರಗೊರ ಸದ್ದು ನಮಗೆ ಕೇಳಿಸಲೇ ಇಲ್ಲ.

ಈಗ ಕಡೆಯ ದಿನಕ್ಕೆ ಬರೋಣ. 1937ರ ಅಕ್ಟೋಬರಿನಲ್ಲಿ ಅವರು ಮದರಾಸಿಗೆ ಬಂದಿದ್ದರು. ವಯಸ್ಸು 65 ತುಂಬಲು ಎರಡೇ ವಾರ ಉಳಿದಿತ್ತು. ಈ ವಯಸ್ಸಿಗೆ ನಮ್ಮ ಸರಕಾರಿ ನೌಕರರು ನಿವೃತ್ತಿ ವೇತನ ಪಡೆದು ಮನೆಯ ಜಗಲಿಯಲ್ಲಿ ಕುಳಿತಿರುತ್ತಾರೆ. ಗವಾಯಿಗೆ ನಿವೃತ್ತಿಯೆಲ್ಲಿ ಬಂತು? ಮದರಾಸಿನ ರಸಿಕರು ಅವರನ್ನು ಆದರದಿಂದ ಕೇಳಿದರು. ಅಲ್ಲಿಂದ ಅವರು ಹೊರಟದ್ದು ಪಾಂಡಿಚೇರಿಗೆ, ಶ್ರೀ ಅರವಿಂದರ ಆಶ್ರಮದಲ್ಲಿ ಹಾಡುವುದಕ್ಕಾಗಿ. ಪಾಂಡಿಚೇರಿ ಆಗ ಫ್ರೆಂಚರ ಅಧೀನದಲ್ಲಿತ್ತು. ದಾರಿ ಚೆಂಗಲ್ಪಟ್ಟು, ವಿಳುಪುರಗಳ ಮೇಲೆ. ಆ ಕರಾವಳಿಗೆ ಅದು ಹಿಂಗಾರಿನ ಕಾಲ.

ಎಳುಂಬೂರು ಬಿಟ್ಟ ಗಾಡಿ ಇನ್ನೂ ಬಹಳ ದೂರ ಹೋಗಿರಲಿಲ್ಲ. ಖಾನಸಾಹೇಬರಿಗೆ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಜೊತೆಯಲ್ಲಿದ್ದವರು ಗಾಬರಿಗೊಂಡರು. ಸಿಂಗಪೆರುಮಾಳ್ ಕೋಯಿಲ್‌ನಲ್ಲಿ ಗಾಡಿ ನಿಂತಾಗ ಅವರು ಇಳಿದುಬಿಟ್ಟರು. ಗಾಡಿ ಪಾಂಡಿಚೇರಿಯ ದಾರಿ ಹಿಡಿದು ಮುಂದೆ ಹೋಯಿತು. ಉಳಿದದ್ದು ಒಂದು ಸಣ್ಣ ನಿಲ್ದಾಣ, ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ, ನಾಲ್ಕಾರು ಸಾಮಾನು, ತಂಬೂರಿ, ಮತ್ತು ಗುರುವಿನ ಮುಖವನ್ನೇ ನೋಡುತ್ತಿದ್ದ ಶಿಷ್ಯರು.

ಮುಂದೆ ನಡೆದುದನ್ನು ಶಿಷ್ಯಪರಂಪರೆ ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ. ಕಟ್ಟೆಯ ಮೇಲೆ ಹಾಸಿಗೆ ಹಾಸಲು ಹೇಳಿದರು. ತಂಬೂರಿಯನ್ನು ಗವಸಿನಿಂದ ತೆಗೆಸಿ ಶ್ರುತಿ ಕೂಡಿಸಿದರು. ನಮಾಜು ಮಾಡಿದರು. ಅನಂತರ ದರ್ಬಾರಿ ರಾಗದಲ್ಲಿ ದೇವರ ಪ್ರಾರ್ಥನೆಯನ್ನು ಹಾಡಿದರು. ದರ್ಬಾರಿಯೆಂದರೆ ರಾತ್ರಿಯ ರಾಗ. ಗಂಭೀರವಾದದ್ದು, ಮಂದ್ರದಲ್ಲಿ ನಿಲ್ಲುವಂಥದು, ತೂಗಾಡುವ ಕೋಮಲ ಗಾಂಧಾರದಿಂದ ಗುರುತು ಸಿಕ್ಕುವಂಥದು. ತಾನಸೇನನು ಅಕ್ಬರನ ದರ್ಬಾರಿಗೆಂದು ರಚಿಸಿದನೆಂದು ಸಂಗೀತಗಾರರು ನಂಬುವ ರಾಗ ಅದು. ಬಡೋದೆ, ಮೈಸೂರುಗಳ ದರ್ಬಾರಿನಲ್ಲಿ ಹಾಡಿದ ಗಾಯಕ ಅಂದು ಅದೇ ರಾಗವನ್ನು ಯಾವ ದೊರೆಯೂ ಇಲ್ಲದ ಕಟ್ಟೆಯ ಮೇಲೆ ಕುಳಿತು ಹಾಡಿದರು. ಬಿದಾಗಿಯಿಲ್ಲ, ಶಾಲಿಲ್ಲ, ವಾಹ್ವಾ ಎನ್ನುವವರಿಲ್ಲ. ಹಾಡು ಮುಗಿದ ಮೇಲೆ ಮೆಲ್ಲಗೆ ಹಾಸಿಗೆಯ ಮೇಲೆ ಒರಗಿದರು, ಮತ್ತೆ ಏಳಲಿಲ್ಲ.

ಅವರ ದೇಹವನ್ನು ಮಿರಜಕ್ಕೆ ತಂದರು. ತಾವು ಭಕ್ತಿಯಿಂದ ಹಾಡುತ್ತಿದ್ದ ಮೀರಾಸಾಹೇಬ ದರ್ಗಾದ ಆವರಣದಲ್ಲಿಯೇ ಅವರನ್ನು ಮಣ್ಣು ಮಾಡಲಾಯಿತು. ಅವರ ನೆನಪಿಗೆಂದು ಅಲ್ಲಿ ಸಂಗೀತ ಸಭೆ ನಡೆಸುವ ಸಂಪ್ರದಾಯ ಬೆಳೆದು ಬಂದಿತು. ದೊಡ್ಡ ದೊಡ್ಡ ಗಾಯಕರು ಸಂಭಾವನೆಯನ್ನು ಲೆಕ್ಕಿಸದೆ ಅಲ್ಲಿ ಬಂದು ಹಾಡಿದ್ದಾರೆ.

ಗದಗಿನ ಹುಡುಗನೊಬ್ಬನ ಕಥೆಯನ್ನು ಇಲ್ಲಿ ಸೇರಿಸದಿದ್ದರೆ ಲೇಖನ ಅಪೂರ್ಣವಾದೀತು. 1922ರಲ್ಲಿ ಹುಟ್ಟಿದ ಆ ಹುಡುಗ ಅಂಗಡಿಯೊಂದರಲ್ಲಿ ಖಾನಸಾಹೇಬರ ಬಸಂತ ರಾಗದ ತಟ್ಟೆಯನ್ನು ಕೇಳಿದ; ತನಗೂ ಹಾಗೆ ಹಾಡುವುದು ಬರಬೇಕೆಂದು ಹಟ ತೊಟ್ಟ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಗಾಡಿ ಹತ್ತಿ ಗುರುವನ್ನು ಹುಡುಕುತ್ತ ಉತ್ತರ ದೇಶವನ್ನೆಲ್ಲ ಅಲೆದ. ಅವನು ಅಷ್ಟು ದೂರ ಹುಡುಕಿದ ವಿದ್ಯೆ ಅವನ ಊರಿನ ಸಮೀಪದಲ್ಲಿಯೇ, ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ ಇತ್ತು. ಆ ಹುಡುಗನೇ ಪಂಡಿತ ಭೀಮಸೇನ ಜೋಶಿ. ಇತ್ತ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಗಾಡಿಯಲ್ಲಿ ಹೋಗಿ ಬಂದು ಅದೇ ಗುರುವಿನ ಬಳಿ ಪಾಠ ಹೇಳಿಸಿಕೊಂಡರು. ಸವಾಯಿ ಗಂಧರ್ವರು 1952ರಲ್ಲಿ, ಗಂಗೂಬಾಯಿಯವರು 2009ರಲ್ಲಿ, ಭೀಮಸೇನರು 2011ರಲ್ಲಿ ತೀರಿಕೊಂಡರು. ಮೀಟರ್ ಗೇಜಿನ ಹಳಿ ಹೋಗಿ ಬ್ರಾಡ್ ಗೇಜು ಬಂದಿದೆ. ಖಾನಸಾಹೇಬರು ತಂದ ಗಾಯನ ಮಾತ್ರ ಈ ನೆಲದಲ್ಲಿ ಇನ್ನೂ ಇದೆ.

ಅವರ ಬಾಳನ್ನು ಸುಖದ ಬಾಳೆನ್ನಬೇಕೋ ದುಃಖದ ಬಾಳೆನ್ನಬೇಕೋ ಎಂದು ನಾನು ಬಹಳ ಯೋಚಿಸಿದ್ದೇನೆ. ಕಟ್ಟಿದ ಮನೆ ಒಡೆಯಿತು, ಮಕ್ಕಳು ದೂರವಾದರು, ಸಾವು ಬಂದದ್ದು ಪರಸ್ಥಳದಲ್ಲಿ. ಇದು ದುಃಖವೇ ಸರಿ. ಆದರೆ ಕಡೆಯ ಗಳಿಗೆಯಲ್ಲಿ ಅವರು ಮಾಡಿದ್ದು ಹೊಸದೇನೂ ಅಲ್ಲ. ಊರು ತಲಪಿದೊಡನೆ ದಿನವೂ ಮಾಡುತ್ತಿದ್ದುದನ್ನೇ ಅಂದೂ ಮಾಡಿದರು: ಹಾಸು ಹಾಸಿದರು, ಶ್ರುತಿ ಕೂಡಿಸಿದರು, ಹಾಡಿದರು. ಎದೆ ನೋಯುತ್ತಿರುವಾಗಲೂ ಶ್ರುತಿ ಸರಿಯಾಗದೆ ಅವರು ಬಾಯಿ ತೆರೆಯಲಿಲ್ಲ. ಅರವತ್ತು ವರ್ಷದ ಸಾಧನೆ ಇಲ್ಲದೆ ಅಂತಹ ಧೈರ್ಯ ಬರುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಪುಸ್ತಕ ಹಿಡಿಯುವ ನಮಗೆ ಈ ಬಾಳಿನಲ್ಲಿ ಕಲಿಯುವುದಕ್ಕೆ ಸಾಕಷ್ಟಿದೆ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಈ ಲೇಖನವನ್ನು ತಂದೆಗೆ ಓದಿ ಹೇಳಿದೆ. ದರ್ಬಾರಿ, ಝಿಂಝೋಟಿಗಳ ವಿಷಯ ಬಂದಾಗ ಅವರು ಸುಮ್ಮನೆ ಕೇಳಿದರು. ನಿಲ್ದಾಣದ ಕಟ್ಟೆಯ ಭಾಗ ಬಂದಾಗ ಎದ್ದು ಕುಳಿತರು. ತಮ್ಮ ಕೆಲಸದ ದಿನಗಳಲ್ಲಿ ಕಟ್ಟೆಯ ಮೇಲೆಯೇ ಜೀವ ಬಿಟ್ಟವರನ್ನು ಅವರು ನೋಡಿದ್ದರಂತೆ. ಕೆಲವರಿಗೆ ಬಾಯಿಗೆ ನೀರು ಬಿಡುವವರೂ ಇರಲಿಲ್ಲವಂತೆ. ಹಾಸಿಗೆ ಹಾಸಿಕೊಡುವುದಕ್ಕೆ ನಾಲ್ಕು ಜನ ಶಿಷ್ಯರಾದರೂ ಜೊತೆಗಿದ್ದರಲ್ಲ, ಪುಣ್ಯವಂತ ಮನುಷ್ಯ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಅವರ ಹಾಡು ನಿನ್ನ ಹತ್ತಿರ ಇದ್ದರೆ ಹಚ್ಚು, ಕೇಳೋಣ ಎಂದರು. ನಾನು ಹಚ್ಚಿದೆ. ಮೂರು ನಿಮಿಷ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಮುಗಿದ ಮೇಲೆ ಇನ್ನೊಮ್ಮೆ ಹಚ್ಚಲು ಹೇಳಿದರು.

— ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ